ಮಾಸಿದ ಬಿಳುಪಿಗೆ ಮರುಜೀವ

1964ರ ಏಪ್ರಿಲ್ 17ರಂದು ನ್ಯೂಯಾರ್ಕಿನ ವಿಶ್ವಮೇಳದಲ್ಲಿ ಫೋರ್ಡ್ ಕಂಪನಿಯ ಮಸ್ಟ್ಯಾಂಗ್ ಕಾರು ಜನರ ಕಣ್ಣಿಗೆ ಬಿದ್ದಿತು. ಎರಡು ವರ್ಷ ತುಂಬುವ ಮೊದಲೇ ಹತ್ತು ಲಕ್ಷ ಕಾರುಗಳು ಕಾರ್ಖಾನೆಯಿಂದ ಹೊರಬಂದವು. ಬಿಳಿಯ ಆಸನಗಳನ್ನೇ ಮೆಚ್ಚಿ ಕೊಂಡವರೂ ಇದ್ದರು. ಅರುವತ್ತು ವರ್ಷಗಳ ಬಿಸಿಲುಂಡ ಆ ಆಸನಗಳಲ್ಲಿ ಎಷ್ಟೋ ಈಗ ಹಳೆಯ ದಂತದಂತೆ ಹಳದಿಗಟ್ಟಿವೆ.

ಇದು ಬರಿಯ ಕೊಳೆಯಲ್ಲ. ಹೊದಿಕೆ ತೊಗಲಿನದಲ್ಲ, ವಿನೈಲಿನದು. ಸ್ವಭಾವತಃ ಗಡುಸಾದ ಪಿ.ವಿ.ಸಿ.ಯನ್ನು ಎಣ್ಣೆಯಂಥ ದ್ರವ ಬೆರೆಸಿ ಮೆದುಗೊಳಿಸುವ ವಿದ್ಯೆಯನ್ನು 1926ರಲ್ಲಿ ಅಮೆರಿಕೆಯ ವಾಲ್ಡೊ ಸೆಮನ್ ಕಂಡುಹಿಡಿದರು. ಕಾಲ ಕಳೆದಂತೆ ಆ ದ್ರವ ಆರಿಹೋಗಿ ಹೊದಿಕೆ ಬಿರುಸಾಗುತ್ತದೆ. ಬಿಸಿಲಿನ ಅತಿನೇರಳೆ ಕಿರಣಗಳು ಅದರ ಅಣುಗಳನ್ನೇ ಕೆಡಿಸಿ ಹಳದಿಯನ್ನು ತರುತ್ತವೆ. ಸಾಬೂನು ನೀರು, ಮೃದುವಾದ ಬ್ರಷ್ಷು ಮೇಲಿನ ಜಿಡ್ಡನ್ನು ತೆಗೆದಾವೇ ಹೊರತು ಈ ಹಳದಿಯನ್ನಲ್ಲ. ಬ್ಲೀಚಿಂಗ್ ದ್ರಾವಣ ಹಾಕಿ ತಿಕ್ಕುವ ಆತುರಗಾರರು ಹೊಲಿಗೆಯ ನೂಲನ್ನೂ ಕೆಡಿಸಿಕೊಳ್ಳುತ್ತಾರೆ.

ಉಳಿದ ದಾರಿ ಬಣ್ಣ. ಆದರೆ ಯಾವ ಬಿಳುಪು? ಡಬ್ಬದ ಅಚ್ಚಬಿಳುಪನ್ನೇ ಬಳಿದರೆ ಆಸನ ಸುಣ್ಣ ಹೊಡೆದ ಗೋಡೆಯಾದೀತು! ಬಲ್ಲ ಕೆಲಸಗಾರನು ಆಸನವನ್ನು ಬಿಚ್ಚಿ, ಬೆಳಕು ಕಾಣದ ಮಡಿಕೆಯೊಳಗೆ ಮೊದಲಿನ ವರ್ಣವನ್ನು ಹುಡುಕುತ್ತಾನೆ. ಅದಕ್ಕೆ ಹೊಂದುವಂತೆ ಬೆರೆಸಿದ ವಿನೈಲ್ ಬಣ್ಣವನ್ನು, ಜಿಡ್ಡು ಪೂರ್ತಿ ತೆಗೆದ ಮೇಲೆ, ತೆಳುತೆಳುವಾಗಿ ಹಲವು ಸಲ ಸಿಂಪಡಿಸುತ್ತಾನೆ. ದಪ್ಪಗೆ ಬಳಿದರೆ ಮೇಲ್ಮೈಯ ನವುರಾದ ಅಚ್ಚು ಮುಚ್ಚಿಹೋಗಿ, ಕುಳಿತೆದ್ದಲ್ಲೆಲ್ಲ ಬಣ್ಣ ಬಿರಿಯುತ್ತದೆ.

ಸೀಳಿದ ಹೊದಿಕೆಗೆ ಬಣ್ಣವೂ ವ್ಯರ್ಥ. ಹಳೆಯ ಮಾದರಿಯಲ್ಲೇ ಸಿದ್ಧವಾದ ಹೊಸ ಹೊದಿಕೆಗಳು ಮಸ್ಟ್ಯಾಂಗಿಗೆ ಈಗಲೂ ಸಿಗುತ್ತವೆ, ನಿಜ. ಆದರೆ ಮುಂದಿನ ಆಸನಕ್ಕೆ ಹೊಸದನ್ನು ತೊಡಿಸಿದೊಡನೆ ಹಿಂದಿನ ಆಸನ ಇನ್ನಷ್ಟು ಹಳದಿಯಾಗಿ ಕಾಣುತ್ತದೆ. ಅದನ್ನೂ ಸರಿಪಡಿಸಿದರೆ ಬಾಗಿಲುಗಳ ಒಳಹೊದಿಕೆಯ ಸರದಿ.