ಅಂಗೈಯಲ್ಲಿ ಅಡಗುವ ಕೊಬ್ಬಿನ ಗಡ್ಡೆ

ಬಹರೈನ್‌ನಲ್ಲಿ ದುಡಿಯುವ ನಮ್ಮವರ ಕಾಯಿಲೆಗಳಲ್ಲಿ ಜೀವಕ್ಕೆ ಅಪಾಯವಿಲ್ಲದವೆಲ್ಲ ರಜೆಗೆ ಕಾಯುತ್ತವೆ. ಹಲ್ಲು, ಕನ್ನಡಕ, ಮೂಲವ್ಯಾಧಿ ಎಲ್ಲವನ್ನೂ ಊರಿಗೆ ಹೋದಾಗ ಮಂಗಳೂರಿನಲ್ಲೋ ಮಣಿಪಾಲದಲ್ಲೋ ತೋರಿಸಿದರಾಯಿತು ಎಂಬ ಲೆಕ್ಕ. ಹೆಬ್ಬೆರಳಿನ ಬುಡದಲ್ಲಿ ನೋವಿಲ್ಲದ, ಮೆತ್ತನೆಯ ಗಂಟು ಎದ್ದರೆ ಅದೂ ಈ ಪಟ್ಟಿಗೇ ಸೇರುತ್ತದೆ.

ಕೈಯ ಗಂಟುಗಳಲ್ಲಿ ಹೆಚ್ಚಿನವು ಲೋಳೆ ತುಂಬಿದ ಗ್ಯಾಂಗ್ಲಿಯಾನ್ ಚೀಲಗಳು; ಟಾರ್ಚ್ ಹಿಡಿದರೆ ಸಾಮಾನ್ಯವಾಗಿ ಬೆಳಕು ಹಾಯುತ್ತದೆ. ಲೈಪೋಮಾ ಬೇರೆ. ಅದು ಬಲಿತ ಕೊಬ್ಬಿನ ಕೋಶಗಳ ಗಡ್ಡೆ, ಕ್ಯಾನ್ಸರ್ ಅಲ್ಲ. ಬೆನ್ನು, ಭುಜಗಳಲ್ಲಿ ಸಾಮಾನ್ಯ, ಕೈಯಲ್ಲಿ ಅಪರೂಪ. ತೂಕ ಇಳಿಸಿದರೆ ಕರಗುವುದಿಲ್ಲ; ಎಣ್ಣೆ ಹಚ್ಚಿ ತಿಕ್ಕಿದರಂತೂ ಇಲ್ಲವೇ ಇಲ್ಲ. ಮೈಯ ಬೇರೆಡೆ 10 ಸೆಂ.ಮೀ. ದಾಟಿದ್ದನ್ನು ದೈತ್ಯ ಎನ್ನುವ ವೈದ್ಯರು ಕೈಯಲ್ಲಿ 5 ಸೆಂ.ಮೀ.ಗೇ ಆ ಹೆಸರು ಕೊಡುತ್ತಾರೆ.

ಕಾರಣ ಜಾಗದ ಇಕ್ಕಟ್ಟು. ಅಂಗೈಯ ಚರ್ಮ ದಪ್ಪ, ಅದರಡಿ ಬಿಗಿಯಾದ ನಾರಿನ ಹಾಸು. ಮೇಲೆ ಉಬ್ಬಲಾರದ ಗಡ್ಡೆ ಒಳಗೇ ದಾರಿ ಹುಡುಕುತ್ತದೆ: ಸ್ನಾಯುರಜ್ಜುಗಳ ಸುತ್ತ, ಮೂಳೆಗಳ ನಡುವೆ, ಕೆಲವೊಮ್ಮೆ ಕೈಯ ಹಿಂಬದಿಯವರೆಗೆ. ಹೊರಗೆ ಕಾಣುವುದು ಅದರ ಒಂದು ಪಾಲು ಮಾತ್ರ. ಮೀಡಿಯನ್ ನರ ಒತ್ತಿದರೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತವೆ. ಅಲ್ನರ್ ನರ ಒತ್ತಿದರೆ ಕಿರುಬೆರಳು. ಕೆಲಸದ ಆಯಾಸವೋ ಶುಗರ್ರೋ ಇರಬೇಕೆಂದು ವಿಟಮಿನ್ ಮಾತ್ರೆ ನುಂಗುತ್ತ ವರ್ಷ ಕಳೆಯುವವರಿದ್ದಾರೆ.

ಹಾಗಾಗಿ ರಜೆಗೆ ಕಾಯಬಹುದಾದದ್ದು ಆಪರೇಷನ್, ಸ್ಕ್ಯಾನ್ ಅಲ್ಲ. ಗಂಟು ಬೆಳೆಯುತ್ತಿದ್ದರೆ ಮನಾಮಾದ ಸಲ್ಮಾನಿಯಾ ಮೆಡಿಕಲ್ ಕಾಂಪ್ಲೆಕ್ಸ್‌ನಂಥ ದೊಡ್ಡ ಆಸ್ಪತ್ರೆಯಲ್ಲೇ ತೋರಿಸುವುದು ಮೇಲು. ಗಂಟಿನಲ್ಲಿರುವುದು ನೀರೋ ಗಟ್ಟಿ ಪದಾರ್ಥವೋ ಎಂದು ಅಲ್ಟ್ರಾಸೌಂಡ್ ಹೇಳುತ್ತದೆ. ಎಂಆರ್‌ಐಯದು ಇನ್ನೂ ಚಂದದ ಉಪಾಯ. ಮೊದಲ ಚಿತ್ರದಲ್ಲಿ ಕೊಬ್ಬು ಬೆಳ್ಳಗೆ ಹೊಳೆಯುತ್ತದೆ. ಆಮೇಲೆ ಕೊಬ್ಬಿನ ಸಂಕೇತವನ್ನಷ್ಟೇ ಅಡಗಿಸಿ ಇನ್ನೊಂದು ಚಿತ್ರ ತೆಗೆಯುತ್ತಾರೆ. ಚರ್ಮದಡಿಯ ಕೊಬ್ಬಿನ ಜೊತೆ ಗಡ್ಡೆಯೂ ಪೂರ್ತಿ ಕಪ್ಪಾದರೆ ಅದು ಬಹುತೇಕ ಲೈಪೋಮಾ. 2 ಮಿ.ಮೀ.ಗಿಂತ ದಪ್ಪದ ನಾರುಪದರಗಳೋ ಕಪ್ಪಾಗದೆ ಉಳಿದ ಭಾಗಗಳೋ ಕಂಡರೆ ಲೈಪೋಸಾರ್ಕೋಮಾ ಎಂಬ ಕ್ಯಾನ್ಸರಿನ ಶಂಕೆ. ಆಗ ಚೂರು ತೆಗೆದು, ಎಂಡಿಎಂ2 ಎಂಬ ಜೀನಿನ ಪ್ರತಿಗಳು ಹೆಚ್ಚಿವೆಯೇ ಎಂದು ನೋಡುತ್ತಾರೆ. ಕೈಯಲ್ಲಿ ಈ ಕ್ಯಾನ್ಸರ್ ತೀರ ವಿರಳ. ಆದರೂ ಬೆಳೆಯುತ್ತಿರುವ ಗಂಟನ್ನು ಸ್ಕ್ಯಾನ್ ಇಲ್ಲದೆ ಕೊಯ್ಯಲು ಹೊರಟವರ ಮುಂದಿನಿಂದ ಎದ್ದು ಬರುವುದೇ ಸರಿ ಎಂಬುದು ನನ್ನ ಅಭಿಪ್ರಾಯ.

ಆಪರೇಷನ್ ಸಾಮಾನ್ಯವಾಗಿ ತೋಳಿಗಷ್ಟೇ ಮರಗಟ್ಟುವ ಮದ್ದು ಕೊಟ್ಟು, ಪಟ್ಟಿ ಬಿಗಿದು ರಕ್ತ ತಡೆದು ನಡೆಯುತ್ತದೆ. ಗಡ್ಡೆ ತೆಗೆಯುವುದು ಕಷ್ಟವಲ್ಲ. ಅದರ ಮೇಲೆ ತೆಳ್ಳಗೆ ಹರಡಿ ಜಾಗ ತಪ್ಪಿದ ನರಗಳನ್ನು ಮೊದಲು ಹುಡುಕಿ ಬಿಡಿಸುವುದು ಕಷ್ಟ. ಅದಾದ ಮೇಲೆ ಹಳದಿ ಗಡ್ಡೆ ಹಲಸಿನ ತೊಳೆಯಂತೆ ಇಡಿಯಾಗಿ ಬಿಟ್ಟುಬರುತ್ತದೆ. ಪೂರ್ತಿ ತೆಗೆದರೆ ಮರುಕಳಿಸುವುದು ಅಪರೂಪ. ಆದರೆ ಹೆಬ್ಬೆರಳ ಬುಡದ ಸ್ನಾಯು ಆಗಲೇ ಸೊರಗಿದ್ದರೆ ಬಲ ಪೂರ್ತಿ ಮರಳುವ ಖಾತರಿಯಿಲ್ಲ. ಅಂಥವರು ರಜೆಗೂ ಕಾಯಬಾರದು.

ಊರಲ್ಲೇ ಮಾಡಿಸುವವರು ಸ್ಕ್ಯಾನಿನ ಸಿ.ಡಿ. ಜೊತೆಗೊಯ್ದು ಮೊದಲ ವಾರದಲ್ಲೇ ಮುಗಿಸಿಕೊಳ್ಳಬೇಕು. ಅಂಗೈ ಹೊಲಿಗೆ ಬಿಚ್ಚಲು ಸುಮಾರು ಎರಡು ವಾರ, ಭಾರದ ಕೆಲಸಕ್ಕೆ ಮರಳಲು ತಿಂಗಳೋ ಒಂದೂವರೆ ತಿಂಗಳೋ. ತೆಗೆದ ಗಡ್ಡೆಯ ಪೆಥಾಲಜಿ ವರದಿ ಬರುವುದೂ ತಡ; ಅಷ್ಟರಲ್ಲಿ ವಿಮಾನ ಹತ್ತುವವರು ಅದನ್ನು ವಾಟ್ಸಾಪ್‌ನಲ್ಲಿ ಕಳಿಸಲು ಮನೆಯಲ್ಲಿ ಯಾರಿಗಾದರೂ ಹೇಳಿ ಹೋಗಲಿ.