ಮೇಲೆ ಥಳಕು, ಒಳಗೆ ಹುಳುಕು!
ಫೈಬರ್ ದೋಣಿಯ ಬೆನ್ನು ಮುರಿಯುವುದು ಹೇಗೆ? ಕೂಡಿಸುವುದು ಹೇಗೆ?

ಕಲಾಸಿಪಾಳ್ಯಕ್ಕೂ ದೋಣಿಗೂ ಏನ್ರೀ ಸಂಬಂಧ ಎಂದು ಕೇಳಬೇಡಿ. ಸಂಬಂಧ ಹೆಸರಿನಲ್ಲೇ ಇದೆ. ಖಲಾಸಿ ಎಂದರೆ ಹಡಗಿನ ಆಳು. ದಂಡಿನ ಜೊತೆ ಹೋಗಿ ಡೇರೆ ಹೊಡೆಯುವವನಿಗೂ ಅದೇ ಹೆಸರು. ಕೋಟೆಯ ಮಗ್ಗುಲಿನ ಈ ಪಾಳ್ಯಕ್ಕೆ ಆ ಡೇರೆಯವರಿಂದಲೇ ಹೆಸರು ಬಂತು ಎಂಬ ಮಾತುಂಟು. ಮಲ್ಪೆ, ಮಂಗಳೂರು ಬಂದರಿಗೆ ಹೋದರೆ ಬೋಟಿನ ಕೆಲಸದವನನ್ನು ಇವತ್ತಿಗೂ ಕಲಾಸಿ ಎಂದೇ ಕೂಗುತ್ತಾರೆ.

ಇನ್ನೊಂದು ಸಂಬಂಧ ರೋಗದ್ದು. ಹಳೇ ಬಸ್ಸಿನಲ್ಲಿ ನಿಂತು ಹೋದವರಿಗೆಲ್ಲ ಇದು ಗೊತ್ತು. ಬಾಗಿಲ ಹತ್ತಿರ ಕಾಲಿಟ್ಟರೆ ನೆಲ ಮೆತ್ತಗೆ ತಗ್ಗುತ್ತೆ. ಮೇಲಿನ ಅಲ್ಯೂಮಿನಿಯಂ ತಗಡು ನೆಟ್ಟಗೇ ಇರುತ್ತೆ. ಅದರಡಿಯ ಪ್ಲೈವುಡ್ಡು ಮಾತ್ರ ಮೊಳೆ ಸಂದಿನಿಂದ ಮಳೆನೀರು ಕುಡಿದು ಪುಡಿಯಾಗಿರುತ್ತೆ. ಕರಾವಳಿಯ ಫೈಬರ್ ದೋಣಿಗೆ ಬರುವುದೂ ಅಚ್ಚುಕಟ್ಟಾಗಿ ಇದೇ ಕಾಯಿಲೆ. ಬಸ್ಸಾದರೆ ಕಂಡಕ್ಟರ್ ಜೊತೆ ಜಗಳ ಆಡಬಹುದು, ಸಮುದ್ರದಲ್ಲಿ ಯಾರ ಜೊತೆ ಆಡುವುದು?

ಫೈಬರ್ ಕೊಳೆಯುವುದಿಲ್ಲ ಎಂದು ನಂಬಿ ಜನ ಮರದ ದೋಣಿ ಬಿಟ್ಟರು. ನಂಬಿಕೆ ಸುಳ್ಳಲ್ಲ. 1942ರಲ್ಲಿ ಅಮೆರಿಕದ ಒಹಾಯೊದಲ್ಲಿ ರೇ ಗ್ರೀನ್ ಎಂಬಾತ ಗಾಜಿನ ನೂಲಿಗೆ ಪಾಲಿಯೆಸ್ಟರ್ ರೆಸಿನ್ ಕುಡಿಸಿ ಸಣ್ಣ ದೋಣಿ ಮಾಡಿದ ಮೇಲೆ ಈ ವಿದ್ಯೆ ಲೋಕವೆಲ್ಲ ಹಬ್ಬಿತು. ಇವತ್ತು ಬಸ್ಸಿನ ಬಂಪರಿಗೂ, ಡ್ಯಾಷ್‌ಬೋರ್ಡಿಗೂ ಅದೇ ಮಾಲು. ಗಾಜಿಗೂ ರೆಸಿನ್ನಿಗೂ ಗೆದ್ದಲಿಲ್ಲ, ತುಕ್ಕಿಲ್ಲ. ಆದರೆ ಎಂಜಿನ್ ನೇತುಹಾಕುವ ದೋಣಿಯ ಹಿಂಗೋಡೆಯಲ್ಲಿ ಬರೀ ಫೈಬರ್ ಸಾಲದು. ಬಲಕ್ಕೆಂದು ಎರಡು ಪದರದ ನಡುವೆ ಸುಮಾರು ಒಂದೂವರೆ ಅಂಗುಲದ ಮರ ಇಟ್ಟಿರುತ್ತಾರೆ. ಡೆಕ್ಕಿನೊಳಗೂ ಹಾಗೇ. ಶತ್ರು ಮನೆಯೊಳಗೇ ಕೂತಂತಾಯ್ತು.

ನೀರು ಒಳಗೆ ಹೋಗುವ ದಾರಿ ಎಂಜಿನ್ನಿನ ಬೋಲ್ಟು ತೂತು. ಎಂಜಿನ್ ಅಲುಗಾಡಿದಷ್ಟೂ ತೂತು ಸಡಿಲ. ಹನಿ ಹನಿಯಾಗಿ ಹೋದ ನೀರು ವಾಪಸು ಬರುವುದಿಲ್ಲ. ಹೊರಗೆ ಬಣ್ಣ ಮದುಮಗನಂತೆ ಮಿರಿಮಿರಿ, ಒಳಗೆ ಮರ ನೆಂದ ಬ್ರೆಡ್ಡು. ಒಂದು ದಿನ ದೊಡ್ಡ ಅಲೆಯ ಹೊಡೆತಕ್ಕೆ ಹಿಂಗೋಡೆ ಸೀಳಿದರೆ ಎಂಜಿನ್ ಸಮುದ್ರದ ಪಾಲು. ಅದು ಹೋದ ಜಾಗದಿಂದ ನೀರು ಒಳಗೆ. ಎಂಜಿನ್ ಸಾಲ ತೀರುವುದಿರಲಿ, ದೋಣಿಯಲ್ಲಿದ್ದವರು ದಡ ಸೇರಿದರೆ ಪುಣ್ಯ.

ಪರೀಕ್ಷೆಗೆ ದೊಡ್ಡ ಯಂತ್ರ ಬೇಡ. ಸುತ್ತಿಗೆ ಹಿಡಿಯಿಂದ ತಟ್ಟಿ. ಟಣ್ ಎಂದರೆ ಗಟ್ಟಿ, ಡಬ್ ಎಂದರೆ ಕೆಟ್ಟಿದೆ. ಕಲ್ಲಂಗಡಿ ಕೊಳ್ಳುವವರ ಕಿವಿ ಇದ್ದರೆ ಸಾಕು. ಅನುಮಾನ ಬಂದ ಕಡೆ ಒಳಗಿನಿಂದ ಸಣ್ಣ ತೂತು ಕೊರೆದು ನೋಡಬೇಕು. ಒಣ ಬಿಳಿ ಹೊಟ್ಟು ಬಂದರೆ ಬದುಕಿತು. ಕಂದು ಬಣ್ಣದ ಒದ್ದೆ ಗಸಿ ಬಂದರೆ ಬಿಚ್ಚಲೇಬೇಕು.

ಇಲ್ಲೇ ಮೋಸ ನಡೆಯುವುದು. “ಏನಾಗಲ್ಲ ಬಿಡಿ, ಮೇಲೆ ಎರಡು ಲೇಯರ್ ಎಳೆದರೆ ಆಯ್ತು” ಎನ್ನುವವರು ಎಲ್ಲ ಊರಲ್ಲೂ ಸಿಗುತ್ತಾರೆ. ಖರ್ಚು ಕಡಿಮೆ, ನೋಡಲು ಚೆಂದ. ಒದ್ದೆ ಮರಕ್ಕೆ ರೆಸಿನ್ ಕಚ್ಚುವುದಿಲ್ಲ ಎಂಬುದು ಆಮೇಲೆ ತಿಳಿಯುತ್ತೆ.

ಸರಿಯಾದ ಕೆಲಸ ನಿಧಾನದ್ದು. ಎಂಜಿನ್ ಇಳಿಸಿ, ಒಳಗಿನ ಪದರ ಕತ್ತರಿಸಿ, ಕೊಳೆತ ಮರವನ್ನೆಲ್ಲ ಉಳಿಯಿಂದ ಕೆತ್ತಿ ತೆಗೆಯಬೇಕು. ಹೊರಪದರ ಹಾಗೇ ಉಳಿದರೆ ಅದೇ ಅಚ್ಚು. ಉಜ್ಜುವಾಗ ಏಳುವ ಗಾಜಿನ ಧೂಳು ಮೈಯೆಲ್ಲ ತುರಿಸುತ್ತೆ, ಮೂಗಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಆಮೇಲೆ ಕಾಯುವ ಕೆಲಸ. ಪೂರಾ ಒಣಗಬೇಕು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ದೊಡ್ಡ ಯಾಂತ್ರಿಕ ಬೋಟುಗಳಿಗೆ ನಿಷೇಧ. ಸಣ್ಣ ನಾಡದೋಣಿಗೆ ವಿನಾಯಿತಿ ಇರುವುದರಿಂದ ಅವರಿಗೆ ಆಗಲೇ ದುಡಿಮೆ. ಹಾಗಾಗಿ ರಿಪೇರಿಗೆ ಉಳಿಯುವುದು ಏಪ್ರಿಲ್–ಮೇ ಬಿಸಿಲು.

ಹೊಸ ಮರ ಕೊಳ್ಳುವಾಗ ಹಲಗೆಯ ಮೇಲಿನ ಮುದ್ರೆ ಓದಬೇಕು. ಐಎಸ್ 710 ಎಂದಿದ್ದರೆ ಮೆರೈನ್ ಪ್ಲೈವುಡ್. ಐಎಸ್ 303 ಎಂದಿದ್ದರೆ ಬೀರು, ಕಪಾಟಿನ ಮಾಲು. ನೋಡಲು ಅಣ್ಣತಮ್ಮಂದಿರು, ರೇಟಿನಲ್ಲಿ ದೂರದ ನೆಂಟರು! 18 ಮಿಲಿಮೀಟರಿನ ಎರಡು ಹಲಗೆ ಅಂಟಿಸಿದರೆ ದಪ್ಪ ಸರಿಹೋಗುತ್ತೆ. ಅಂಚಿಗೆಲ್ಲ ರೆಸಿನ್ ಕುಡಿಸಿ ಕೂರಿಸಿ, ಮ್ಯಾಟು ಹಾಸಿ, ರೋಲರಿನಿಂದ ಗಾಳಿಗುಳ್ಳೆ ತೆಗೆಯಬೇಕು. ಹಳೇ ಫೈಬರಿಗೂ ಹೊಸ ಮರಕ್ಕೂ ಎಪಾಕ್ಸಿಯ ಹಿಡಿತ ಹೆಚ್ಚು. ಪಾಲಿಯೆಸ್ಟರ್ ಅಗ್ಗ.

ಪಾಲಿಯೆಸ್ಟರ್ ಬಳಸುವವರಿಗೆ ಒಂದು ಎಚ್ಚರಿಕೆ. ಕೋಬಾಲ್ಟನ್ನೂ ಕ್ಯಾಟಲಿಸ್ಟನ್ನೂ ನೇರವಾಗಿ ಬೆರೆಸಲೇಕೂಡದು, ಸಿಡಿದೀತು. ಒಂದನ್ನು ರೆಸಿನ್ನಿಗೆ ಹಾಕಿ ಚೆನ್ನಾಗಿ ಕಲಸಿದ ಮೇಲೆಯೇ ಇನ್ನೊಂದು. ಕ್ಯಾಟಲಿಸ್ಟ್ ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು. ಬಿಸಿಲಲ್ಲಿ ಬಕೆಟ್ ತುಂಬ ಕಲಸಿಟ್ಟರೆ ತಾನೇ ಕಾದು ಹೊಗೆಯಾಡುತ್ತೆ. ಬೇಕಾದಷ್ಟೇ ಕಲಸುವುದು ಜಾಣತನ.

ಡೆಕ್ಕಿನ ಕೆಲಸ ಇದಕ್ಕಿಂತ ಸುಲಭ. ಮೇಲಿನ ಚರ್ಮವನ್ನು ಡಬ್ಬಿ ಮುಚ್ಚಳದಂತೆ ಕತ್ತರಿಸಿ ತೆಗೆದಿಟ್ಟು, ಒಳಗಿನ ಮರ ಬದಲಾಯಿಸಿ, ಅದೇ ಮುಚ್ಚಳ ಮೇಲೆ ಅಂಟಿಸಬಹುದು. ಸೇರುವ ಅಂಚನ್ನು ಅಗಲವಾಗಿ, ಇಳಿಜಾರಾಗಿ ಉಜ್ಜಿ ಹೊಸ ಪದರ ಹಾಕಬೇಕು. ಅಂಚು ನೆಟ್ಟಗೆ ಬಿಟ್ಟರೆ ಅಲ್ಲೇ ಬಿರುಕು.

ಕೊನೆಗೆ ಉಳಿಯುವುದು ಎಲ್ಲ ರಗಳೆಗೂ ಮೂಲವಾದ ಬೋಲ್ಟು ತೂತು. ಬೇಕಾದ್ದಕ್ಕಿಂತ ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಮತ್ತೆ ಬೋಲ್ಟಿನ ಅಳತೆಗೆ ಕೊರೆಯಬೇಕು. ಆಗ ಬೋಲ್ಟಿಗೆ ಮರ ತಾಗುವುದೇ ಇಲ್ಲ. ಅರ್ಧ ದಿನದ ಕೆಲಸ. ಹೆಚ್ಚಿನವರು ಬಿಡುವುದೂ ಇದನ್ನೇ.

ಸೆಕೆಂಡ್ ಹ್ಯಾಂಡ್ ದೋಣಿ ಕೊಳ್ಳುವವರು ಹೊಸ ಬಣ್ಣ ಕಂಡು ಮರುಳಾಗದೆ, ಎಂಜಿನ್ನಿನ ಬುಡ ಹಿಡಿದು ಮೇಲೆ ಕೆಳಗೆ ಅಲುಗಿಸಬೇಕು. ಹಿಂಗೋಡೆಯೂ ಜೊತೆಗೆ ಅಲುಗಿದರೆ ಅಡ್ವಾನ್ಸ್ ಕೊಡದೆ ವಾಪಸು ಬಸ್ಸು ಹತ್ತಬಹುದು.