ಭಕ್ಷೀಸು ಕೂಲಿಗೆ ಬದಲಲ್ಲ

ದುಡಿದವರಿಗೆ ಗೊತ್ತಾದ ಕೂಲಿಯ ಮೇಲೆ ಮೆಚ್ಚಿ ಕೊಡುವ ಹಣವನ್ನು ಕನ್ನಡದಲ್ಲಿ ಭಕ್ಷೀಸು ಎನ್ನುತ್ತಾರೆ. ಕೊಡುಗೆ ಎಂಬ ಅರ್ಥದ ಪಾರಸಿ ಮಾತಿನಿಂದ ಬಂದ ಪದವಿದು. ಈ ಭಕ್ಷೀಸೇ ಇಂದು ಊಟ-ತಿಂಡಿಯನ್ನು ಮನೆಬಾಗಿಲಿಗೆ ತಲುಪಿಸುವ ಡೆಲಿವರಿ ಹುಡುಗರ ವಿಷಯದಲ್ಲಿ ‘ಟಿಪ್ಸ್’ ಎಂಬ ಹೆಸರು ಹೊತ್ತು ಮೊಬೈಲಿನಲ್ಲಿ ಕಾಣಿಸಿಕೊಂಡಿದೆ. ಎಷ್ಟು ಕೊಡಬೇಕು, ಯಾವಾಗ ಕೊಡಬೇಕು ಎಂದು ಕೇಳುವ ಮೊದಲು ಅವರ ದುಡಿಮೆಯ ಲೆಕ್ಕವನ್ನು ಅರಿಯಬೇಕು.

ಚಿತ್ರದುರ್ಗ ತಾಲ್ಲೂಕಿನ ಭೀಮಸಮುದ್ರದಂಥ ಅಡಿಕೆ ಸೀಮೆಯವರಿಗೆ ಈ ಲೆಕ್ಕ ಹೊಸದಲ್ಲ. ಮೆಟ್ಟುಗತ್ತಿಯ ಮುಂದೆ ಕುಳಿತು ಹಸಿ ಅಡಿಕೆ ಸುಲಿಯುವವರಿಗೆ ಕೂಲಿ ಸಲ್ಲುವುದು ಕುಳಿತ ಹೊತ್ತಿಗಲ್ಲ, ಸುಲಿದ ಅಡಿಕೆಯ ಅಳತೆಗೆ; ತೋಟದಿಂದ ಗೊನೆ ಬರುವುದು ತಡವಾದರೆ ಆ ಹೊತ್ತು ಅವರ ಪಾಲಿಗೆ ನಷ್ಟವೇ. ಡೆಲಿವರಿಯವರ ಗಳಿಕೆಯೂ ಬಹುಮಟ್ಟಿಗೆ ಆರ್ಡರಿಗಿಷ್ಟು ಎಂಬ ಲೆಕ್ಕದ್ದಾಗಿದ್ದು, ಹೋಟೆಲಿನ ಮುಂದೆ ಕಾದ ಹೊತ್ತು, ವಿಳಾಸ ಸಿಗದೆ ಸುತ್ತಿದ ದಾರಿ, ಸ್ವಂತ ಬೈಕಿನ ಪೆಟ್ರೋಲು ಎಲ್ಲವನ್ನೂ ಅವರು ಅದರಲ್ಲೇ ಸರಿದೂಗಿಸಬೇಕಾಗುತ್ತದೆ.

ನಮ್ಮಲ್ಲಿ ಭಕ್ಷೀಸಿಗೆ ಇಂತಿಷ್ಟೆಂಬ ಕಟ್ಟಳೆಯಿಲ್ಲ. ಮಳೆಯಲ್ಲಿ ನೆನೆದು ಬಂದವನಿಗೆ, ನಡುರಾತ್ರಿ ತಂದವನಿಗೆ, ಲಿಫ್ಟ್ ಇಲ್ಲದ ಮನೆಯ ಮೂರನೆಯ ಮಹಡಿ ಹತ್ತಿದವನಿಗೆ ಇಪ್ಪತ್ತೋ ಮೂವತ್ತೋ ರೂಪಾಯಿಯನ್ನು, ಪಾರ್ಸೆಲ್ ಕೈಸೇರಿದ ಮೇಲೆ ನೇರವಾಗಿ ಅವನ ಕೈಗೇ ಕೊಡುವುದು ಒಳ್ಳೆಯ ರೀತಿ. ಕೆಲಸಕ್ಕೆ ಮೊದಲೇ ಕೇಳಿ ಪಡೆಯುವ ಹಣವನ್ನು ಜನ ‘ಮಾಮೂಲು’ ಎಂದು ಕರೆದು ದೂರವಿಟ್ಟಿರುವುದರಿಂದ, ಭಕ್ಷೀಸು ಕೆಲಸ ಮುಗಿದ ಮೇಲೆ, ಕೊಡುವವರ ಮನಸ್ಸಿನಿಂದಲೇ ಬರಬೇಕು. ಹಣ ಕೊಡಲಾಗದವರೂ ವಿಳಾಸವನ್ನು ಸರಿಯಾಗಿ ತಿಳಿಸಿ, ಫೋನ್ ಎತ್ತಿ, ಬಾಗಿಲಲ್ಲಿ ಕಾಯಿಸದೆ, ಬಿಸಿಲಲ್ಲಿ ಬಂದವನಿಗೆ ಒಂದು ಲೋಟ ನೀರು ಕೊಟ್ಟರೆ ಅವನ ಹೊತ್ತನ್ನೂ ಮಾನವನ್ನೂ ಕಾಪಾಡಿದಂತಾಗುತ್ತದೆ.

ಆದರೆ ಭಕ್ಷೀಸು ಕೂಲಿಯ ಜಾಗದಲ್ಲಿ ಬಂದು ಕೂರಬಾರದು. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಟಿಪ್ಸ್ ಪಡೆಯುವ ನೌಕರರಿಗೆ ಮಾಲೀಕರು ನಗದಾಗಿ ಕೊಡಲೇಬೇಕಾದ ಕನಿಷ್ಠ ಕೂಲಿ ಗಂಟೆಗೆ 2.13 ಡಾಲರ್ ಮಾತ್ರವಿದ್ದು, 1991ರಿಂದ ಅದು ಏರಿಲ್ಲ. ಕನಿಷ್ಠ ವೇತನದ ಉಳಿದ ಭಾಗವನ್ನು ಗಿರಾಕಿಯ ಟಿಪ್ಸಿನಿಂದಲೇ ತುಂಬಿಸಿಕೊಳ್ಳಲು ಕಾನೂನು ಬಿಟ್ಟಿದೆ. ಕರ್ನಾಟಕ ಬೇರೆ ದಾರಿ ಹಿಡಿದಿದೆ. ಆರ್ಡರು ಬಂದಂತೆ ಕೆಲಸ ಮಾಡುವ ಡೆಲಿವರಿಯವರಂಥವರನ್ನು ಗಿಗ್ ಕಾರ್ಮಿಕರೆಂದು ಗುರುತಿಸಿ, 2025ರಲ್ಲಿ ರಾಜ್ಯವು ತಂದ ಕಾಯ್ದೆಯ ಪ್ರಕಾರ, ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಲ್ಲುವ ಹಣದ ಶೇಕಡ 1ರಿಂದ 5ರಷ್ಟನ್ನು ಕಂಪನಿಗಳು ಅವರ ಸಾಮಾಜಿಕ ಭದ್ರತೆಗಾಗಿ ಕಲ್ಯಾಣ ಶುಲ್ಕವಾಗಿ ಕಟ್ಟಬೇಕು. ಅಪಘಾತವಾದಾಗ, ಕಾಯಿಲೆ ಬಿದ್ದಾಗ ಮನೆಯನ್ನು ಕಾಯಬೇಕಾದ್ದು ಇಂಥ ಹಕ್ಕೇ ಹೊರತು ಗಿರಾಕಿಯ ಔದಾರ್ಯವಲ್ಲ.

ಸುಲಿದ ಅಡಿಕೆಯ ಅಳತೆ ಸರಿಯಾಗಿದ್ದು, ಅದಕ್ಕೆ ತಕ್ಕ ಕೂಲಿ ಸಂದ ಮೇಲೆ ಕೊಡುವ ಎಲೆ-ಅಡಿಕೆಗೇ ಬೆಲೆ. ಡೆಲಿವರಿ ಹುಡುಗನ ಕೈಗೆ ಬೀಳುವ ಇಪ್ಪತ್ತು ರೂಪಾಯಿಗೂ ಇದೇ ಮಾತು ಸಲ್ಲುತ್ತದೆ.